ಸರಾಸರಿಯ ಹಿಂದೆ ಅಡಗಿದ ಹಿಂಸೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ದ ತಾಯ್ತಂದೆಯರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಶ್ರವಣ ಪರೀಕ್ಷೆಯೆಂದರೆ ಒಂದು ಅಂಕಿಯನ್ನು ಬರೆದುಕೊಟ್ಟು ಕಳುಹಿಸುವ ಕೆಲಸವಲ್ಲ. ಹೊರಗಿನ ಸದ್ದು ಹೊಗದ ಕೋಣೆಯಲ್ಲಿ ಮಗುವನ್ನು ಕೂರಿಸುತ್ತಾರೆ. ಬಲಗಿವಿಯನ್ನು ಬೇರೆ, ಎಡಗಿವಿಯನ್ನು ಬೇರೆ ಪರೀಕ್ಷಿಸುತ್ತಾರೆ. 250 ಹರ್ಟ್ಸ್‌ನ ಮಂದ್ರದಿಂದ 8000 ಹರ್ಟ್ಸ್‌ನ ತಾರದವರೆಗೆ ಒಂದೊಂದೇ ಸ್ವರವನ್ನು ಕೇಳಿಸಿ, ಪ್ರತಿಯೊಂದಕ್ಕೂ ಕಿವಿ ಎಷ್ಟು ಸೂಕ್ಷ್ಮವೆಂಬುದನ್ನು ಗುರುತು ಹಾಕುತ್ತಾರೆ. ಒಂದು ಸ್ವರವನ್ನು ಚೆನ್ನಾಗಿ ಕೇಳುವ ಮಗು ಇನ್ನೊಂದನ್ನು ಕೇಳದಿರಬಹುದು. ಎಲ್ಲವನ್ನೂ ಕೂಡಿಸಿ ಭಾಗಿಸಿ “ಸರಾಸರಿ ಚೆನ್ನಾಗಿದೆ” ಎಂದು ಯಾರಾದರೂ ಹೇಳಿ ಕೈತೊಳೆದುಕೊಂಡರೆ ಯಾವ ತಾಯಿಯೂ ಅದನ್ನು ಒಪ್ಪುವುದಿಲ್ಲ.

ಒಂದು ಕಿವಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾಗರಿಕತೆ, ಲೆಕ್ಕವಿಲ್ಲದಷ್ಟು ಕಿವಿಗಳು ನೆಲೆಸಿರುವ ಕಡಲಿನ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಿದೆ? ದಂಡೆಯ ಮೇಲೆ ಬಂದರು, ಧಕ್ಕೆ, ಹಡಗಿನ ಕಾಲುವೆ ಬರಬೇಕಾದಾಗ ನೀರಿನ ಒಳಗಿನ ಸದ್ದಿನ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಎತ್ತಿದರೂ “ಇಲ್ಲಿ ಇಷ್ಟು ಡೆಸಿಬೆಲ್, ಯೋಜನೆಯಿಂದ ಆಗುವ ಹೆಚ್ಚಳ ಇಷ್ಟು, ಅದು ನಗಣ್ಯ” ಎಂಬ ಒಂದು ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಆಳವಿಲ್ಲದ ಕಡಲಿನ ಸದ್ದು ಗಳಿಗೆ ಗಳಿಗೆಗೆ ಬದಲಾಗುವಂಥದು, ದಿಕ್ಕು ದಿಕ್ಕಿಗೆ ಬೇರೆಯಾಗುವಂಥದು. ಅಂಥ ಸದ್ದನ್ನು ಒಂದೇ ಅಂಕಿಗೆ ಇಳಿಸುವುದು ಬರಿಯ ಅಳತೆಯ ದೋಷವಲ್ಲ. ಅದು ಏಕಾಂತವಾದ. ಆ ಏಕಾಂತವಾದದ ನೆರಳಿನಲ್ಲಿ ನಡೆಯುವುದು ಹಿಂಸೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜವು ಈ ಲೆಕ್ಕಾಚಾರವನ್ನು ಮೌನದಿಂದ ಒಪ್ಪಿಕೊಳ್ಳುವುದು ಉಚಿತವಲ್ಲ.

ಕಡಲು ಎಂದೂ ಮೂಕವಲ್ಲ

ಕಡಲಾಳವೆಂದರೆ ನಿಶ್ಶಬ್ದ ಲೋಕವೆಂಬ ಭ್ರಮೆ ಬಹುಕಾಲ ಪಂಡಿತರಲ್ಲಿಯೂ ಇತ್ತು. ಆ ಭ್ರಮೆಯನ್ನು ಒಡೆದದ್ದು ಕರುಣೆಯಲ್ಲ, ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಸಬ್‌ಮರೀನಿನ ಸದ್ದನ್ನು ಆಲಿಸಲು ನೀರಿಗೆ ಹೈಡ್ರೋಫೋನ್ ಇಳಿಸಿದ ನೌಕಾಪಡೆಗಳಿಗೆ ಮೊದಲು ಕೇಳಿಸಿದ್ದು ಅಲೆಗಳ ಮೊರೆತ, ಮೀನುಗಳ ಗೊಟರು, ಸಿಗಡಿಗಳ ಚಿಟಪಟ. ಈ ಗದ್ದಲದ ನಡುವೆ ಶತ್ರುವನ್ನು ಹುಡುಕಬೇಕಾದರೆ ಗದ್ದಲವನ್ನೇ ಮೊದಲು ಅರಿಯಬೇಕಾಯಿತು. ಯುದ್ಧಕಾಲದ ಅಳತೆಗಳ ಸಾರವನ್ನು ನುಡ್ಸೆನ್ ಮತ್ತು ಸಂಗಡಿಗರು 1948ರಲ್ಲಿ ಪ್ರಕಟಿಸಿದರು. 1962ರಲ್ಲಿ ವೆಂಜ್ ಎಂಬ ಅಮೆರಿಕದ ವಿಜ್ಞಾನಿ, ಯಾವ ಸ್ವರದ ಸದ್ದು ಯಾವ ಮೂಲದಿಂದ ಬರುತ್ತದೆ ಎಂಬುದನ್ನು ವಿಂಗಡಿಸಿ ಒಂದೇ ನಕ್ಷೆಯಲ್ಲಿ ತೋರಿಸಿದ. ಭಾರತದಲ್ಲಿ ಕೊಚ್ಚಿಯ ನೌಕಾ ಭೌತ ಮತ್ತು ಸಾಗರ ವಿಜ್ಞಾನ ಪ್ರಯೋಗಾಲಯ ರಕ್ಷಣೆಯ ದೃಷ್ಟಿಯಿಂದ ಇಂಥ ಸಂಶೋಧನೆ ನಡೆಸುತ್ತಿದೆ. 1993ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಆಳವಿಲ್ಲದ ನೀರಿನಲ್ಲಿ ಹೈಡ್ರೋಫೋನುಗಳ ಸಾಲನ್ನೇ ಇಳಿಬಿಟ್ಟು ಹಿನ್ನೆಲೆ ಸದ್ದನ್ನು ಅಳೆದಿದೆ. ಆದುದರಿಂದ “ಇದೆಲ್ಲ ಅಳೆಯಲಾಗದ ಸೂಕ್ಷ್ಮ ವಿಷಯ” ಎಂಬ ನೆಪಕ್ಕೆ ಎಡೆಯಿಲ್ಲ. ಸಬ್‌ಮರೀನನ್ನು ಹುಡುಕಲು ಬೇಕಾದಷ್ಟು ಸೂಕ್ಷ್ಮತೆ ಮನುಷ್ಯನಲ್ಲಿದೆ. ಮೀನಿನ ನೋವನ್ನು ಅರಿಯುವ ಹೊತ್ತಿಗೆ ಮಾತ್ರ ಅದೇ ಮನುಷ್ಯನಿಗೆ ಒಂದು ಅಂಕಿ ಸಾಕೆನಿಸುತ್ತದೆ.

ದ್ರವ್ಯ, ಕ್ಷೇತ್ರ, ಕಾಲ, ಭಾವ

ಯಾವ ವಸ್ತುವಿನ ಬಗೆಗಾದರೂ ಮಾತನಾಡುವ ಮುನ್ನ ಅದರ ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಕೇಳಬೇಕೆಂಬುದು ಜೈನ ನ್ಯಾಯದ ಮೊದಲ ಪಾಠ. ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ ಈ ಚತುಷ್ಟಯದ ನೆಲೆಗಟ್ಟಿನ ಮೇಲೆಯೇ ‘ಇದೆ’, ‘ಇಲ್ಲ’ ಎಂಬ ಮಾತುಗಳನ್ನು ನಿಲ್ಲಿಸುತ್ತದೆ. ಕಡಲಿನ ಸದ್ದನ್ನು ಈ ನಾಲ್ಕು ಪ್ರಶ್ನೆಗಳಿಗೆ ಒಡ್ಡಿ ನೋಡಿದರೆ ಒಂಟಿ ಅಂಕಿಯ ಪೊಳ್ಳುತನ ತಾನಾಗಿ ಬಯಲಾಗುತ್ತದೆ.

ಮೊದಲು ದ್ರವ್ಯ, ಎಂದರೆ ಸದ್ದಿನ ಮೂಲ. ಕೆಲವು ಹತ್ತು ಹರ್ಟ್ಸ್‌ನಿಂದ ಕೆಲವು ನೂರು ಹರ್ಟ್ಸ್‌ವರೆಗಿನ ಮಂದ್ರದಲ್ಲಿ ದೂರದ ಹಡಗುಗಳದೇ ದೊರೆತನ. ಅದಕ್ಕಿಂತ ಮೇಲಿನ ಸ್ವರಗಳಲ್ಲಿ ಗಾಳಿಗೆ ಒಡೆಯುವ ಅಲೆಗಳು ಮತ್ತು ಅವು ಹುಟ್ಟಿಸುವ ಗುಳ್ಳೆಗಳು ಮಾತನಾಡುತ್ತವೆ. ತುಂತುರು ಮಳೆಯ ಸಣ್ಣ ಹನಿಗಳು ಸುಮಾರು 15,000 ಹರ್ಟ್ಸ್‌ನ ಆಸುಪಾಸಿನಲ್ಲಿ ತಮ್ಮದೇ ಗುರುತನ್ನು ಬಿಡುತ್ತವೆ. ಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಕೆಲವೇ ಸೆಂಟಿಮೀಟರ್ ಉದ್ದದ ಒಂದು ಜಾತಿಯ ಸಿಗಡಿ ತನ್ನ ದೊಡ್ಡ ಇಕ್ಕುಳವನ್ನು ಮುಚ್ಚಿ ಚಿಟಿಕೆ ಹೊಡೆಯುತ್ತದೆ. ಆ ಚಿಟಿಕೆಯ ಸದ್ದು ಇಕ್ಕುಳ ಬಡಿಯುವುದರಿಂದ ಬರುವುದಲ್ಲ, ನೀರಿನಲ್ಲಿ ಹುಟ್ಟಿದ ಗುಳ್ಳೆಯೊಂದು ಕುಸಿಯುವುದರಿಂದ ಬರುತ್ತದೆ ಎಂಬುದು 2000ದಲ್ಲಿ ಸಿದ್ಧವಾಯಿತು. ಅಂಥ ಸಾವಿರಾರು ಚಿಟಿಕೆಗಳು ಸೇರಿದರೆ ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ ಕೇಳಿಸುತ್ತದೆ. ಇನ್ನು ಮೀನುಗಳು: ಕ್ರೋಕರ್ ವರ್ಗದ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುಗಳಿಂದ ಡೋಲಿನಂತೆ ಬಾರಿಸಿ, ಸಂತಾನಕಾಲದ ಸಂಜೆಗಳಲ್ಲಿ ಕೂಡಿ ಹಾಡುತ್ತವೆ. ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಗಿದರೆ ಸಿಗುವ ತೂಕ ಯಾರದು?

ಎರಡನೆಯದು ಕ್ಷೇತ್ರ. ಸಾವಿರಾರು ಮೀಟರ್ ಆಳದ ಸಾಗರದ ನಿಯಮಗಳು ದಂಡೆಯ ಕಡಲಿಗೆ ಒಗ್ಗುವುದಿಲ್ಲ. ಕರ್ನಾಟಕದ ಕರಾವಳಿಯಿಂದ ಹಲವು ಹತ್ತು ಕಿಲೋಮೀಟರ್ ಒಳಹೋದರೂ ನೀರಿನ ಆಳ ನೂರು ಮೀಟರಿನೊಳಗೇ ಇರುತ್ತದೆ. ಇಲ್ಲಿ ಸದ್ದು ಮೇಲ್ಮೈಗೂ ತಳಕ್ಕೂ ನಡುವೆ ಚೆಂಡಿನಂತೆ ಪುಟಿಯುತ್ತ ಸಾಗುತ್ತದೆ. ಕೆಸರಿನ ತಳ ಪುಟಿತಕ್ಕೊಮ್ಮೆ ಒಂದಷ್ಟನ್ನು ನುಂಗುತ್ತದೆ. ಮರಳಿನ ತಳ, ಬಂಡೆಯ ತಳ ಹೆಚ್ಚನ್ನು ಹಿಂದಿರುಗಿಸುತ್ತದೆ. ಈ ಕರಾವಳಿಯಲ್ಲಿ ದಂಡೆಯ ಹತ್ತಿರ ಹೆಚ್ಚಾಗಿ ಕೆಸರು, ಹೊರಗಡೆ ಮರಳು, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಬಂಡೆ ಮತ್ತು ಹವಳ. ಒಂದು ಕಡೆ ತೆಗೆದ ಅಳತೆ ಹತ್ತು ಕಿಲೋಮೀಟರ್ ಆಚೆಗೆ ಸಾಕ್ಷಿಯಾಗದು. ಐದು ಮೀಟರ್ ಆಳದಲ್ಲಿ ತೆಗೆದದ್ದು ಇಪ್ಪತ್ತು ಮೀಟರಿಗೂ ಸಾಕ್ಷಿಯಾಗದು.

ಮೂರನೆಯದು ಕಾಲ. ಮಾರ್ಚಿನಿಂದ ಮೇವರೆಗೆ ಮೇಲಿನ ನೀರು ಕಾದಿರುತ್ತದೆ. ಬಿಸಿನೀರಿನಲ್ಲಿ ಸದ್ದಿನ ವೇಗ ಹೆಚ್ಚು, ತಂಪಿನಲ್ಲಿ ಕಡಿಮೆ. ಆದುದರಿಂದ ಸದ್ದಿನ ಕಿರಣ ಕೆಳಕ್ಕೆ ಬಾಗಿ ತಳವನ್ನು ಮತ್ತೆ ಮತ್ತೆ ಮುಟ್ಟುತ್ತದೆ. ಮುಂಗಾರು ಬಂದೊಡನೆ ಗಾಳಿಯೂ ಮಳೆಯೂ ಕಡಲನ್ನು ತುಂಬುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಿಂದ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಆಗಸ್ಟಿನಲ್ಲಿ ಅವು ಒಟ್ಟಾಗಿ ಇಳಿಯುತ್ತವೆ. ದಿನದೊಳಗೂ ಏರಿಳಿತವಿದೆ: ಮಧ್ಯಾಹ್ನ ಕಡಲಗಾಳಿ ಏಳುತ್ತದೆ, ಸಂಜೆ ಮೀನುಗಳ ಮೇಳ ಕೂಡುತ್ತದೆ, ದೋಣಿಗಳು ಹೋಗುವ ಮತ್ತು ಮರಳುವ ಹೊತ್ತು ಬೇರೆ. ಜುಲೈ ತಿಂಗಳ ಬಿರುಗಾಳಿಯ ಸದ್ದಿನ ಮೊತ್ತವೂ ಡಿಸೆಂಬರಿನ ದೋಣಿಗಳ ಸದ್ದಿನ ಮೊತ್ತವೂ ಎಲ್ಲೋ ಒಂದು ಕಡೆ ಸಮನಾಗಿ ನಿಲ್ಲಬಹುದು. ಅಂಕಿ ಒಂದೇ ಎಂದ ಮಾತ್ರಕ್ಕೆ ಕಡಲು ಒಂದೇ ಆಯಿತೇ?

ನಾಲ್ಕನೆಯದು ಭಾವ, ಸದ್ದು ಯಾವ ಗುಣದಲ್ಲಿ, ಯಾವ ದಿಕ್ಕಿನಿಂದ ಬಂದು ಕಿವಿಗೆ ತಾಗುತ್ತದೆ ಎಂಬುದು. ಒಂಟಿ ಹೈಡ್ರೋಫೋನ್ ಸದ್ದು ಎಷ್ಟೆಂದು ಹೇಳಬಲ್ಲದು, ಎತ್ತಣಿಂದೆಂದು ಹೇಳಲಾರದು. ಅದಕ್ಕೆ ಒಂದರ ಕೆಳಗೊಂದು ತೂಗುಬಿಟ್ಟ ಹೈಡ್ರೋಫೋನುಗಳ ಸಾಲು ಬೇಕು. ಹಾಗೆ ಅಳೆದಾಗ ಕಾಣುವುದು ಇದು: ಗಾಳಿ, ಮಳೆಗಳ ಸದ್ದು ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ ಕಡಿದಾದ ಕೋನದಲ್ಲಿ ಸುರಿಯುತ್ತದೆ. ಅದರಲ್ಲಿ ತಳ ಎಷ್ಟನ್ನು ಹೀರಿತೋ ಅಷ್ಟು ಕಡಿಮೆಯಾಗಿ ಕೆಳಗಿನಿಂದ ಮೇಲಕ್ಕೆ ಮರಳುತ್ತದೆ. ದೂರದ ಹಡಗಿನ ಸದ್ದಾದರೋ, ಕಡಿದಾಗಿ ಹೊರಟ ಭಾಗವನ್ನೆಲ್ಲ ದಾರಿಯ ಪುಟಿತಗಳಲ್ಲಿ ಕಳೆದುಕೊಂಡು, ಬಹುಮಟ್ಟಿಗೆ ಅಡ್ಡಡ್ಡಲಾಗಿ ಬರುತ್ತದೆ. ದೂರದ ಸಂಗಾತಿಯ ಕರೆ ಬರುವುದೂ ಅದೇ ಅಡ್ಡ ದಿಕ್ಕಿನಿಂದಲೇ. ದಸರೆಯ ಜನಸಂದಣಿಯಲ್ಲಿ ಎಡದಿಂದ ವಾದ್ಯದ ಸದ್ದು, ಬಲದಿಂದ ತಾಯಿಯ ಕೂಗು ಬಂದರೆ ಮಗು ಕೂಗನ್ನು ಬೇರ್ಪಡಿಸಿಕೊಂಡೀತು. ಎರಡೂ ಒಂದೇ ದಿಕ್ಕಿನಿಂದ ಬಂದರೆ ತಬ್ಬಿಬ್ಬಾಗುತ್ತದೆ. ಹಾಗೆಯೇ ಮುಂಗಾರಿನ ಗದ್ದಲವೂ ಹಡಗಿನ ಗದ್ದಲವೂ ಮೊತ್ತದಲ್ಲಿ ಸಮವೆನಿಸಿದರೂ ಕಿವಿಗೆ ಸಮವಲ್ಲ. ಮೊದಲನೆಯದು ತಲೆಯ ಮೇಲೆ ಸುರಿಯುವ ಮಳೆ, ಎರಡನೆಯದು ಮಾತು ಬರುವ ಬಾಗಿಲಿಗೇ ಹಾಕಿದ ಅಗುಳಿ.

ಸರಾಸರಿ ಹೇಳುವ ಸುಳ್ಳು

ಸರಾಸರಿ ಸ್ವತಃ ಪಾಪವಲ್ಲ. ಅದನ್ನು ಸಂಪೂರ್ಣ ಸತ್ಯವೆಂದು ಸಾರುವುದು ಪಾಪ. ಲೆಕ್ಕಕ್ಕಾಗಿ ಒಂದು ದಿನವನ್ನು ಕಲ್ಪಿಸಿಕೊಳ್ಳಬಹುದು. 23 ಗಂಟೆಗಳ ಕಾಲ ಕಡಲಿನ ಸದ್ದು 90 ಡೆಸಿಬೆಲ್, ಉಳಿದ ಒಂದು ಗಂಟೆ ಹಡಗು ಹಾಯುವಾಗ 130 ಡೆಸಿಬೆಲ್ ಎನ್ನೋಣ. ಅಂಕಿಗಳನ್ನು ಸುಮ್ಮನೆ ಕೂಡಿ 24ರಿಂದ ಭಾಗಿಸಿದರೆ 92ಕ್ಕಿಂತ ಕಡಿಮೆ ಬರುತ್ತದೆ; ಕಡಲು ಪ್ರಶಾಂತ. ಶಕ್ತಿಯ ಲೆಕ್ಕದಲ್ಲಿ ಸರಿಯಾಗಿ ಸರಾಸರಿ ತೆಗೆದರೆ ಸುಮಾರು 116 ಬರುತ್ತದೆ, ಕಡಲು ಗದ್ದಲ. ಆ ದಿನದ ಯಾವ ಗಳಿಗೆಯಲ್ಲಿಯೂ ಕಡಲು 92 ಆಗಿರಲಿಲ್ಲ, 116 ಕೂಡ ಆಗಿರಲಿಲ್ಲ. ಎರಡು ಸರಾಸರಿಗಳೂ ಎಂದೂ ಇಲ್ಲದ ಒಂದು ಕಡಲನ್ನು ವರ್ಣಿಸುತ್ತವೆ. ಆ ಒಂದು ಗಂಟೆ ಮೀನುಗಳ ಸಂತಾನಮೇಳದ ಸಂಜೆಯಾಗಿದ್ದರೆ, ಉಳಿದ 23 ಗಂಟೆಗಳ ಪ್ರಶಾಂತತೆಯಿಂದ ಆ ಜೀವಗಳಿಗೆ ಏನು ಲಾಭ?

“ಹೆಚ್ಚಳ ಬರಿಯ 3 ಡೆಸಿಬೆಲ್” ಎಂಬ ಸಮಾಧಾನದ ಮಾತನ್ನೂ ಬಿಡಿಸಿ ನೋಡಬೇಕು. ಡೆಸಿಬೆಲ್ ಅಳತೆಯಲ್ಲಿ 3ರ ಹೆಚ್ಚಳವೆಂದರೆ ಸದ್ದಿನ ಶಕ್ತಿ ಇಮ್ಮಡಿಯಾಯಿತೆಂದು ಅರ್ಥ. ತೆರೆದ ಆಳಸಾಗರದಲ್ಲಿ ಕರೆಯೊಂದು ಎಲ್ಲ ದಿಕ್ಕಿಗೂ ಹರಡುತ್ತದೆ. ಅಲ್ಲಿ ಹಿನ್ನೆಲೆ ಸದ್ದು 6 ಡೆಸಿಬೆಲ್ ಏರಿದರೆ ಆ ಕರೆ ಕೇಳಿಸುವ ದೂರ ಅರ್ಧಕ್ಕಿಳಿಯುತ್ತದೆ. ಆಳವಿಲ್ಲದ ನೀರಿನಲ್ಲಿ ಮೇಲೂ ಕೆಳಗೂ ಹೋಗಲಾಗದೆ ಸದ್ದು ಚಪ್ಪಟೆಯಾಗಿ ಹರಡುತ್ತದೆ. ಆದರ್ಶ ಲೆಕ್ಕದಲ್ಲಿ ಅಲ್ಲಿ 3 ಡೆಸಿಬೆಲ್ ಹೆಚ್ಚಳವೇ ದೂರವನ್ನು ಅರ್ಧಕ್ಕಿಳಿಸುತ್ತದೆ. ದೂರ ಅರ್ಧವಾದರೆ ಕರೆ ಮುಟ್ಟುವ ವಿಸ್ತೀರ್ಣ ಕಾಲು ಭಾಗ. ನಿಜವಾದ ಕಡಲು ಈ ಎರಡು ಲೆಕ್ಕಗಳ ನಡುವೆ ಇರುತ್ತದೆಯಾದರೂ, ವರದಿಯ ‘ನಗಣ್ಯ’ವೆಂಬ ಪದ ಜೀವಿಯ ಲೋಕದಲ್ಲಿ ಎಷ್ಟು ದೊಡ್ಡ ಕೊರತೆಯನ್ನು ಬಚ್ಚಿಡುತ್ತದೆಂಬುದು ಸ್ಪಷ್ಟ.

ನೆಲದ ಮೇಲಿನ ಮನುಷ್ಯನಿಗಾದರೂ ಒಂದು ಕಾಯಿದೆಯಿದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆಸ್ಪತ್ರೆ, ಶಾಲೆಗಳ ಸುತ್ತ ನಿಶ್ಶಬ್ದ ವಲಯವನ್ನು ಕಲ್ಪಿಸಿವೆ. ಆದರೆ ಅವು ಗಾಳಿಯಲ್ಲಿನ ಶಬ್ದದ ಮಿತಿಗಳು. ನೀರಿನ ಡೆಸಿಬೆಲ್ಲಿಗೆ ಆಧಾರ ಒತ್ತಡವೇ ಬೇರೆಯಾದ್ದರಿಂದ ಆ ಅಂಕಿಗಳನ್ನು ಎತ್ತಿ ಕಡಲಿಗೆ ಹಚ್ಚಲೂ ಬರುವುದಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ಕಡಲಿಗೆ ಮನುಷ್ಯ ಸೇರಿಸುವ ಹಾನಿಕರ ‘ಶಕ್ತಿ’ಯನ್ನೂ ಮಾಲಿನ್ಯವೆಂದು ಕರೆದಿದೆ. ಭಾರತ ಅದನ್ನು 1995ರಲ್ಲಿ ಅನುಮೋದಿಸಿತು. ಸದ್ದು ಶಕ್ತಿಯಲ್ಲದೆ ಮತ್ತೇನು?

ಶ್ರೋತ್ರವೂ ಪ್ರಾಣವೇ

“ಸದ್ದಿನಿಂದ ಮೀನು ಸಾಯುವುದಿಲ್ಲವಲ್ಲ, ಮತ್ತೆ ಹಿಂಸೆ ಎಲ್ಲಿಂದ ಬಂತು?” ಎಂದು ಕೇಳುವವರಿದ್ದಾರೆ. ಇಂಥ ಪ್ರಶ್ನೆ ಬೇರೆಯವರ ಬಾಯಿಂದ ಬಂದರೆ ಸಹಿಸಬಹುದು. ಶ್ರಾವಕನ ಬಾಯಿಂದ ಬರಬಾರದು. ಜೈನಾಗಮ ಹತ್ತು ಪ್ರಾಣಗಳನ್ನು ಎಣಿಸುತ್ತದೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಷ್ಯ. ಶ್ರೋತ್ರೇಂದ್ರಿಯವು ಈ ಹತ್ತರಲ್ಲಿ ಒಂದು. ಪ್ರಮಾದದಿಂದ ಪ್ರಾಣಕ್ಕೆ ಒದಗಿಸುವ ಘಾತವೇ ಹಿಂಸೆಯೆಂಬುದು ಉಮಾಸ್ವಾಮಿಗಳ ನಿರ್ಣಯ. ಹಾಗಿರುವಾಗ ಉಸಿರನ್ನು ಕಟ್ಟುವುದು ಹಿಂಸೆ, ಕಿವಿಯನ್ನು ಕಟ್ಟುವುದು ಅಲ್ಲ ಎಂದು ವಿಂಗಡಿಸಲು ಆಧಾರವೆಲ್ಲಿದೆ? ಮೀನನ್ನು ಪಂಚೇಂದ್ರಿಯ ತಿರ್ಯಂಚವೆಂದು, ಜಲಚರಗಳಲ್ಲಿ ಕಿವಿಯುಳ್ಳದ್ದೆಂದು ಜೈನಾಚಾರ್ಯರು ಎಣಿಸಿದ್ದು ಹೈಡ್ರೋಫೋನ್ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ. ಇಂದಿನ ಜೀವವಿಜ್ಞಾನ ಮೀನಿನ ಒಳಗಿವಿಯನ್ನು ತೋರಿಸಿ ಅದೇ ಮಾತನ್ನು ಹೇಳುತ್ತಿದೆ.

ಸದ್ದು ತಗ್ಗಿದರೆ ಜೀವಕ್ಕೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಸಂಚಾರ ಇಳಿಯಿತು. ನೀರಿನೊಳಗಿನ ಸದ್ದು ಸುಮಾರು 6 ಡೆಸಿಬೆಲ್ ತಗ್ಗಿತು. ಅದೇ ಕಾಲದಲ್ಲಿ ಅಲ್ಲಿಯ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನುಗಳ ಪ್ರಮಾಣವೂ ಕುಗ್ಗಿದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಆ ಜೀವಗಳು ಸತ್ತಿರಲಿಲ್ಲ, ನಿಜ. ಆದರೆ ವರ್ಷಗಳಿಂದ ತಳಮಳದಲ್ಲಿ ಬದುಕುತ್ತಿದ್ದವು. ಮನುಷ್ಯಲೋಕ ಶೋಕದಲ್ಲಿ ಮುಳುಗಿ ಹಡಗುಗಳನ್ನು ನಿಲ್ಲಿಸಿದ ದಿನಗಳಲ್ಲಿ ಅವುಗಳಿಗೆ ನೆಮ್ಮದಿ ದೊರೆಯಿತು.

ಇನ್ನೊಂದು ಆಕ್ಷೇಪ ಹೆಚ್ಚು ಚತುರವಾದದ್ದು: “ಕಡಲು ಹೇಗೂ ಗದ್ದಲವೇ. ಸಿಗಡಿಗಳೇ ಹಡಗನ್ನು ಮೀರಿಸುತ್ತವೆ. ಇನ್ನಷ್ಟು ಸೇರಿದರೆ ಏನಾಯಿತು?” ಇದಕ್ಕೆ ಉತ್ತರ ಮೇಲಿನ ಚತುಷ್ಟಯದಲ್ಲಿಯೇ ಇದೆ. ಸಿಗಡಿಯ ಚಿಟಿಕೆಯ ಬಲವೆಲ್ಲ ಸಾವಿರಾರು ಹರ್ಟ್ಸ್‌ನ ಮೇಲಿನ ಸ್ವರಗಳಲ್ಲಿ. ಹಡಗಿನ ಮೊರೆತ ಹೆಚ್ಚಾಗಿ ಮೀನುಗಳು ಕರೆಯುವ, ಕೇಳುವ ಕೆಲವು ನೂರು ಹರ್ಟ್ಸ್‌ನ ಮಂದ್ರದಲ್ಲಿ. ಪಕ್ಕದ ಮನೆಯಲ್ಲಿ ಕೊಳಲು ನುಡಿಯುತ್ತಿದೆಯೆಂದು ಅಂಗಳದಲ್ಲಿ ಹಿಟ್ಟಿನ ಗಿರಣಿ ಹೂಡಿದರೆ ಯಾರೂ ಒಪ್ಪರು. ಗಾಳಿ, ಮಳೆ, ಸಿಗಡಿಗಳ ಸದ್ದಿನ ನಡುವೆ ಲಕ್ಷಾಂತರ ವರ್ಷ ಬಾಳಿ ಅದಕ್ಕೆ ಹೊಂದಿಕೊಂಡ ಜೀವಿಗಳಿಗೆ ಎಂಜಿನ್ನಿನ ಹಡಗು ಪರಿಚಯವಾದದ್ದು ಕಳೆದ ಎರಡು ಶತಮಾನಗಳಲ್ಲಿ.

ಮೂರನೆಯ ಆಕ್ಷೇಪ ಬಡವರ ಹೆಸರಿನಲ್ಲಿ ಬರುತ್ತದೆ: ಈ ಮಾತೆಲ್ಲ ಮೀನುಗಾರರ ಅನ್ನಕ್ಕೆ ಕಲ್ಲು ಹಾಕುವುದೆಂದು. ವಸ್ತುಸ್ಥಿತಿ ಬೇರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡಿದವರು ಮೀನುಗಾರರೇ. ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ಯೋಜನೆ ಬಂದಾಗ ಎದುರು ನಿಂತವರೂ ಅವರೇ. ಅವರ ಕಾರಣಗಳು ಬೇರೆಯಿರಬಹುದು. ಮೀನು ಹಿಡಿಯುವ ವೃತ್ತಿಯನ್ನು ಶ್ರಾವಕಧರ್ಮ ಒಪ್ಪದೆಯೂ ಇರಬಹುದು. ಆದರೆ ಕಡಲಿನ ಸದ್ದಿನ ದೊಡ್ಡ ಪಾಲು ಬಡವನ ದೋಣಿಯದೆಂದು ಹೊರಿಸಿ, ಸಾವಿರಾರು ಟನ್ನಿನ ಹಡಗುಗಳ ಸರಕನ್ನು ಬಳಸುವವರು ನಿರ್ದೋಷಿಗಳಾಗಲಾರರು.

ಮೈಸೂರಿಗೂ ಕಡಲಿಗೂ ಏನು ಸಂಬಂಧ?

ಮೈಸೂರು ಕಡಲಿನಿಂದ ದೂರ. “ಮೀನು ತಿನ್ನುವವರಲ್ಲ, ಕಡಲಿಗೆ ಇಳಿಯುವವರಲ್ಲ, ಈ ವಿಚಾರ ಏತಕ್ಕೆ?” ಎಂಬ ಮಾತು ಇಲ್ಲಿಯ ಮನೆಗಳಲ್ಲಿ ಸಹಜವಾಗಿ ಬರುತ್ತದೆ. ಆದರೆ ಈ ನಗರದ ಅಡುಗೆಮನೆಯ ನೀಲಿ ಜ್ವಾಲೆ ಎಲ್ಲಿಂದ ಬರುತ್ತದೆ? ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಹಡಗುಗಳಲ್ಲಿ ಬಂದ ಅಡುಗೆ ಅನಿಲ ಅಲ್ಲಿ ಇಳಿಯುತ್ತದೆ. ಮಂಗಳೂರಿನಿಂದ ಹಾಸನ, ಮೈಸೂರುಗಳನ್ನು ಮುಟ್ಟುವ ಅನಿಲದ ಕೊಳವೆ ಮಾರ್ಗ 2016ರಿಂದ ಕೆಲಸ ಮಾಡುತ್ತಿದೆ. ಕೊಡಗಿನ ಕಾಫಿ ಹೊರದೇಶಕ್ಕೆ ಹೋಗುವುದೂ ಮಂಗಳೂರಿನ ಹಾದಿಯಲ್ಲಿ. ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ನೀರಿಗೇ ಬಿಟ್ಟು, ಆ ನೀರನ್ನು ಕಾಯಿಸಲು ಹಚ್ಚುವ ಒಲೆಯ ಹಿಂದೆ ಒಂದು ಹಡಗಿದೆ. ಆ ಹಡಗಿನ ಕೆಳಗೆ ತಿರುಗುವ ಚಕ್ರವಿದೆ. ಆ ಚಕ್ರದ ಸದ್ದಿನ ಹಾದಿಯಲ್ಲಿ ಪಂಚೇಂದ್ರಿಯ ಜೀವಗಳಿವೆ. ಬಟ್ಟೆಯಲ್ಲಿ ಸೋಸಲಾಗದ ಈ ಹಿಂಸೆಯನ್ನು ವಿವೇಕದಲ್ಲಿ ಸೋಸಬೇಕು.

ಜೈನ ಸಮಾಜಕ್ಕೆ ಕಡಲು ಹೊಸದೂ ಅಲ್ಲ. ಭಟ್ಕಳದ ಬಸದಿಗಳು, ಶರಾವತಿಯ ದಡದಲ್ಲಿರುವ ಗೇರುಸೊಪ್ಪೆಯ ಚತುರ್ಮುಖ ಬಸದಿ ಕರಾವಳಿಯ ವ್ಯಾಪಾರದ ನಡುವೆ ಬೆಳೆದವು. ಹದಿನಾರನೆಯ ಶತಮಾನದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಕಾಳುಮೆಣಸಿನ ರಾಣಿಯೆಂದು. ಕಡಲಿನ ಋಣ ಹಳೆಯದು. ಶ್ರಾವಕಾಚಾರಗಳು ದಿಗ್ವ್ರತವನ್ನು ವಿಧಿಸಿದಾಗ ಹತ್ತು ದಿಕ್ಕುಗಳಿಗೂ, ಎಂದರೆ ಮೇಲಕ್ಕೂ ಕೆಳಕ್ಕೂ ಸೇರಿ, ಎಲ್ಲೆ ಕಟ್ಟಿಕೊಳ್ಳಲು ಹೇಳಿದವು. ಆ ಎಲ್ಲೆಯ ಗುರುತುಗಳಲ್ಲಿ ಸಮುದ್ರವನ್ನೂ ಹೆಸರಿಸಿದವು. ಎಲ್ಲೆಯ ಆಚೆಗೆ ತನ್ನಿಂದ ಯಾವ ಜೀವಕ್ಕೂ ಬಾಧೆಯಾಗದಿರಲಿ ಎಂಬುದು ಅದರ ತಾತ್ಪರ್ಯ. ಇಂದು ಶ್ರಾವಕನ ದೇಹ ಎಲ್ಲೆಯೊಳಗೇ ಇದ್ದರೂ ಅವನ ಸರಕು ದಶದಿಕ್ಕುಗಳನ್ನೂ ದಾಟಿದೆ. ಅದರ ಸದ್ದು ನೀರಿನೊಳಗೆ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಓಡುತ್ತಿದೆ. ಮತ್ತೊಂದು ಗುಣವ್ರತವಾದ ಅನರ್ಥದಂಡ ವಿರತಿ, ಅಗತ್ಯವಿಲ್ಲದೆ ನೀರನ್ನು ಕದಡುವುದನ್ನೂ ಪ್ರಮಾದಚರ್ಯೆಯೆಂದು ನಿಷೇಧಿಸುತ್ತದೆ. ತಗ್ಗಿಸಲು ಸಾಧ್ಯವಿದ್ದೂ ತಗ್ಗಿಸದ ಸದ್ದು ನೀರನ್ನು ಕದಡುವುದಲ್ಲದೆ ಬೇರೇನಲ್ಲ.

ಆಗಬೇಕಾದದ್ದು

ತಗ್ಗಿಸುವುದು ಸಾಧ್ಯವೆಂಬುದು ಕನಸಲ್ಲ. ಹಡಗಿನ ವೇಗ ಇಳಿಸಿದರೆ ಅದರ ಚಕ್ರದ ಸುತ್ತ ಏಳುವ ಗುಳ್ಳೆಗಳು ಕಡಿಮೆಯಾಗಿ ಸದ್ದು ಇಳಿಯುತ್ತದೆ. ಕೆನಡಾದ ವ್ಯಾಂಕೂವರ್ ಬಂದರು 2017ರಿಂದ ತಿಮಿಂಗಿಲಗಳ ಹಾದಿಯಲ್ಲಿ ಹಡಗುಗಳನ್ನು ಸ್ವಯಂಪ್ರೇರಣೆಯಿಂದ ನಿಧಾನ ನಡೆಸುವ ಏರ್ಪಾಡು ಮಾಡಿದೆ; ಮೆಲುಸದ್ದಿನ ಹಡಗುಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿದೆ. ಜರ್ಮನಿ ತನ್ನ ಕಡಲಿನಲ್ಲಿ ಕಂಬ ಹೂಳುವಾಗ 750 ಮೀಟರ್ ದೂರದಲ್ಲಿ ಒಂದೊಂದು ಹೊಡೆತದ ಸದ್ದು 160 ಡೆಸಿಬೆಲ್ ಮೀರಬಾರದೆಂದು ಕಟ್ಟುಪಾಡು ಹಾಕಿದೆ. ಗುತ್ತಿಗೆದಾರರು ಸುತ್ತಲೂ ಗಾಳಿಗುಳ್ಳೆಗಳ ತೆರೆಯೆಬ್ಬಿಸಿ ಅದನ್ನು ಪಾಲಿಸುತ್ತಾರೆ. ಅಂತರರಾಷ್ಟ್ರೀಯ ಸಾಗರ ಸಂಘಟನೆ ಹಡಗುಗಳ ಸದ್ದು ತಗ್ಗಿಸುವ ಮಾರ್ಗಸೂಚಿಯನ್ನು 2014ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿತು. ಅಹಿಂಸಾವ್ರತವನ್ನು ಎಂದೂ ಸ್ವೀಕರಿಸದ ದೇಶಗಳು ಇಷ್ಟು ಮಾಡಿರುವಾಗ, ಅಹಿಂಸೆಯ ತವರಿನಲ್ಲಿ ಯಾರೂ ಪ್ರಶ್ನೆಯನ್ನೇ ಕೇಳದಿರುವುದು ಲಜ್ಜೆಯ ವಿಷಯ.

ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಮೊದಲ ಕಾರ್ಯ ಪ್ರಶ್ನೆ ಕೇಳುವುದೇ. 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಪ್ರಕಾರ ಬಂದರುಗಳಂಥ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆಯಿದೆ. ಪರಿಸರದ ದೃಷ್ಟಿಯಿಂದ ಸಂಬಂಧವುಳ್ಳವರು ದೂರದಿಂದಲೂ ಲಿಖಿತವಾಗಿ ಅಭಿಪ್ರಾಯ ಸಲ್ಲಿಸಬಹುದು. ಮೈಸೂರಿನ ಟ್ರಸ್ಟುಗಳು ಅಲ್ಲಿ ಈ ನಾಲ್ಕನ್ನು ಕೇಳಲಿ. ಸದ್ದಿನ ಮೂಲಗಳನ್ನು ಸ್ವರವಾರು ವಿಂಗಡಿಸಲಾಗಿದೆಯೇ? ಹಲವು ಸ್ಥಳಗಳಲ್ಲಿ, ಹಲವು ಆಳಗಳಲ್ಲಿ, ತಳದ ಗುಣವನ್ನು ಗಮನಿಸಿ ಅಳೆಯಲಾಗಿದೆಯೇ? ನಿಷೇಧದ 61 ದಿನಗಳೂ, ಮೀನುಗಳ ಸಂತಾನಕಾಲದ ಸಂಜೆಗಳೂ ಒಳಗೊಂಡು ಇಡೀ ವರ್ಷ ಆಲಿಸಲಾಗಿದೆಯೇ? ಸದ್ದು ಯಾವ ದಿಕ್ಕಿನಿಂದ ಬರುತ್ತದೆಂಬುದನ್ನು ಹೈಡ್ರೋಫೋನುಗಳ ಸಾಲಿನಿಂದ ಅಳೆದು, ಸರಾಸರಿಯ ಜೊತೆಗೆ ಏರಿಳಿತವನ್ನೂ ಕೊಡಲಾಗಿದೆಯೇ? ಈ ನಾಲ್ಕಕ್ಕೂ ಉತ್ತರವಿಲ್ಲದ ವರದಿ ಅಪೂರ್ಣವೆಂದು ನಿರ್ಭಯವಾಗಿ ಬರೆಯಲಿ. ಅದಕ್ಕೆ ಎಂಜಿನಿಯರಿಂಗ್ ಪದವಿ ಬೇಡ; ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಪಾಠಶಾಲೆಯಲ್ಲಿ ಕಲಿತಿದ್ದರೆ ಸಾಕು.

ಎರಡನೆಯ ಕಾರ್ಯ ಹಣದ್ದು. ಟ್ರಸ್ಟುಗಳ ಠೇವಣಿ, ಕುಟುಂಬಗಳ ಷೇರು ಕಸಾಯಿಖಾನೆಗೆ ಹೋಗದಂತೆ ಎಚ್ಚರ ವಹಿಸುವ ಹಿರಿಯರು ಸಮಾಜದಲ್ಲಿದ್ದಾರೆ. ಅದೇ ಎಚ್ಚರ ಬಂದರು, ಹಡಗು, ಹೂಳೆತ್ತುವ ಉದ್ಯಮಗಳಿಗೂ ವಿಸ್ತರಿಸಲಿ. ಹೂಡುವ ಮುನ್ನ ಒಂದು ಪತ್ರ ಬರೆದು ಕೇಳಲಿ. ಮೂರನೆಯದು ಮನೆಯದ್ದು: ಭೋಗೋಪಭೋಗ ಪರಿಮಾಣ. ಬೇಡದ ಸರಕು ಒಂದು ಮನೆಗೆ ಬರದಿದ್ದರೆ ಹಡಗು ನಿಲ್ಲುವುದಿಲ್ಲ ಎಂಬುದು ನಿಜ. ಒಬ್ಬನು ರಾತ್ರಿ ಭೋಜನ ಬಿಟ್ಟರೆ ಲೋಕದ ಹಿಂಸೆ ನಿಲ್ಲುವುದಿಲ್ಲ ಎಂಬುದೂ ನಿಜವೇ; ಆದರೂ ಅದನ್ನು ಬಿಟ್ಟವರು ಬಿಟ್ಟಿದ್ದಾರೆ. ಪಂಚಕಲ್ಯಾಣದ ಮೆರವಣಿಗೆಗಳಲ್ಲಿ ಧ್ವನಿವರ್ಧಕದ ಕಿವಿ ತಿರುಗಿಸಲಾಗದ ಸಮಾಜ ಕಡಲಿನ ಸದ್ದಿನ ಬಗ್ಗೆ ಮಾತನಾಡುವುದು ಶೋಭಿಸದೆಂಬುದನ್ನೂ ಇಲ್ಲಿಯೇ ಹೇಳಬೇಕು.

ನೇಮಿನಾಥ ಸ್ವಾಮಿಯ ಲಾಂಛನ ಶಂಖ. ಕಡಲಿನ ಜೀವಿಯೊಂದರ ಮನೆ. ಮದುವೆಗೆ ಹೊರಟಿದ್ದ ಆತನ ರಥ ಹಿಂದಕ್ಕೆ ತಿರುಗಿದ್ದು ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದಕ್ಕೆ. ಮೆರವಣಿಗೆಯ ವಾದ್ಯಗಳೂ ಜಯಘೋಷಗಳೂ ತುಂಬಿದ್ದ ಆ ಗದ್ದಲದ ಸರಾಸರಿಯಲ್ಲಿ ಆ ಕೂಗು ನಗಣ್ಯವಾಗಿಯೇ ಇದ್ದಿರಬೇಕು. ಆದರೂ ಆತ ಅದು ಎತ್ತಣಿಂದ ಬಂತೆಂದು ಕೇಳಿದ, ಯಾರದೆಂದು ಕೇಳಿದ. ಜೈನ ಗೃಹಸ್ಥನಿಗೆ ‘ಶ್ರಾವಕ’ ಎಂಬ ಹೆಸರು ಬಂದದ್ದೂ ಕೇಳುವವನೆಂಬ ಕಾರಣಕ್ಕೆ. ಕೇಣಿಯ ಕಡಲಿನ ಬಗ್ಗೆ, ಟೊಂಕದ ಕಡಲಿನ ಬಗ್ಗೆ ಮುಂದಿನ ವರದಿ ಬಂದಾಗ ಅದರಲ್ಲಿ ಒಂದೇ ಅಂಕಿ ಕಂಡರೆ ಮೈಸೂರಿನ ಶ್ರಾವಕರೂ ಹಾಗೆಯೇ ಕೇಳಲಿ: ಎತ್ತಣಿಂದ, ಯಾವಾಗ, ಯಾರ ಕಿವಿಗೆ?